ಒಂದು ಲೋಟದ ಭರವಸೆ

ಕೆಲವು ವರ್ಷಗಳ ಹಿಂದೆ ಸೋದರತ್ತೆಯ ಮನೆಗೆ ಹೋದಾಗ ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಭರಣಿಯ ಪಕ್ಕದಲ್ಲಿ, ಕಡುಕಂದು ಬಣ್ಣದ ದೊಡ್ಡ ಬಾಟಲಿಯೊಂದು ಕಂಡಿತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮುಚ್ಚಳ, ರಾತ್ರಿ ಮಲಗುವಾಗ ಒಂದು ಮುಚ್ಚಳ. “ಶುಗರ್ ಬುಡಸಮೇತ ಹೋಗುತ್ತಂತೆ ಕಣೋ. ಮಾತ್ರೆ ನಿಲ್ಲಿಸಿ ಒಂದೂವರೆ ತಿಂಗಳಾಯ್ತು” ಎಂದರು ಅತ್ತೆ, ಖುಷಿಯಿಂದ. ಮರುದಿನ ರಕ್ತ ಪರೀಕ್ಷೆ ಮಾಡಿಸಿದರೆ ಖಾಲಿ ಹೊಟ್ಟೆಯ ಸಕ್ಕರೆ 280 ದಾಟಿತ್ತು. ಡಾಕ್ಟರು ಬೈಯಲಿಲ್ಲ. ಮಾತ್ರೆ ಮತ್ತೆ ಶುರು ಮಾಡಿಸಿ, ಬಾಟಲಿಯ ಮೇಲೆ ಏನು ಬರೆದಿದೆ ಓದಿ ಹೇಳಿ ಎಂದರು.

ಓದಿದೆ. ಸಕ್ಕರೆ ಕಾಯಿಲೆಯ ಹೆಸರೇ ಅದರಲ್ಲಿ ಇರಲಿಲ್ಲ. ‘ಔಷಧವಾಗಿ ಬಳಸುವುದಕ್ಕಲ್ಲ’ ಎಂದು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿತ್ತು. ಹಾಗಾದರೆ ವಾಸಿಯಾಗುತ್ತದೆ ಎಂದವರು ಯಾರು? ಬಾಟಲಿ ತಂದುಕೊಟ್ಟ ಪಕ್ಕದ ಬೀದಿಯ ಗೆಳತಿ. ಆಕೆಗೆ ಹೇಳಿದ್ದು ಕಲ್ಯಾಣ ಮಂಟಪವೊಂದರ ಸಭೆಯಲ್ಲಿ ಮೈಕು ಹಿಡಿದವರು. ಬಾಟಲಿ ಏನನ್ನೂ ಹೇಳಿರಲಿಲ್ಲ. ಎಲ್ಲವನ್ನೂ ಬಾಯಿ ಹೇಳಿತ್ತು.

ಆರೋಗ್ಯ ಪೇಯಗಳ ಬಗ್ಗೆ ಓದುತ್ತಾ ಹೋದಂತೆ ನನಗೆ ಮತ್ತೆ ಮತ್ತೆ ಕಂಡದ್ದು ಇದೇ. ಪೇಯದ ಗುಣಕ್ಕಿಂತ ಹೆಚ್ಚಾಗಿ ಅದರ ಸುತ್ತಲಿನ ಮಾತನ್ನು ಹುಡುಕಬೇಕು. ಆ ಮಾತು ಒಂದು ಕಡೆ ನಿಲ್ಲುವುದಿಲ್ಲ. ಚೀಟಿಯ ಮೇಲಿಂದ ಅಳಿಸಿದರೆ ಜಾಹೀರಾತಿಗೆ ಹೋಗುತ್ತದೆ, ಅಲ್ಲಿಂದ ಓಡಿಸಿದರೆ ಉತ್ಪನ್ನದ ಹೆಸರಿನಲ್ಲಿ ಕೂರುತ್ತದೆ, ಅಲ್ಲಿಯೂ ಹಿಡಿದರೆ ಅಂಗಡಿಯ ಕಪಾಟಿನ ಫಲಕಕ್ಕೋ ನೆಂಟರ ನಾಲಿಗೆಗೋ ಜಾರುತ್ತದೆ.

ಟಾನಿಕ್ಕಿನಿಂದ ರೇಡಿಯಂವರೆಗೆ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಔಷಧಿ ಅಂಗಡಿಯೂ ಪಾನೀಯದ ಅಂಗಡಿಯೂ ಒಂದೇ ಸೂರಿನಡಿ ಇದ್ದವು. 1886ರಲ್ಲಿ ಅಟ್ಲಾಂಟಾದ ಔಷಧ ವ್ಯಾಪಾರಿ ಜಾನ್ ಪೆಂಬರ್ಟನ್ ಕೋಕಾ ಕೋಲಾ ತಯಾರಿಸಿದಾಗ ಅದು ತಲೆನೋವು, ನರಗಳ ಬಳಲಿಕೆಗೆ ಟಾನಿಕ್ ಎಂದೇ ಮಾರಾಟವಾಯಿತು. ಸೀಸೆಯೊಳಗೆ ಏನಿದೆ ಎಂದು ಹೇಳುವ ಕಟ್ಟುಪಾಡು ಆಗ ಇರಲಿಲ್ಲ. 1906ರ ಶುದ್ಧ ಆಹಾರ ಮತ್ತು ಔಷಧ ಕಾಯ್ದೆ ಬಂದ ಮೇಲಷ್ಟೇ ಅಫೀಮು, ಕೊಕೇನ್, ಮದ್ಯದಂತಹವನ್ನು ಚೀಟಿಯ ಮೇಲೆ ನಮೂದಿಸಬೇಕಾಯಿತು.

ಒಳಗಿರುವುದನ್ನು ಪ್ರಾಮಾಣಿಕವಾಗಿ ಬರೆದರೆ ಸಾಕೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ರೇಡಿಥಾರ್ ಎಂಬ ಪುಟ್ಟ ಬಾಟಲಿಯಿಂದ. 1920ರ ದಶಕದಲ್ಲಿ ನ್ಯೂಜೆರ್ಸಿಯ ವಿಲಿಯಂ ಬೈಲಿ ಮಾರುತ್ತಿದ್ದ ಈ ನೀರಿನಲ್ಲಿ ಹೇಳಿದಂತೆಯೇ ರೇಡಿಯಂ ಇತ್ತು. ಚೀಟಿಯಲ್ಲಿ ಸುಳ್ಳಿರಲಿಲ್ಲ. ಆ ಕಾಲದ ಅಧಿಕಾರಿಗಳು ಬೆನ್ನು ಹತ್ತಿದ್ದು ರೇಡಿಯಂ ಇದೆ ಎಂದು ಹೇಳಿ ಬರೀ ನೀರು ಮಾರಿದವರನ್ನು. ಪಿಟ್ಸ್‌ಬರ್ಗಿನ ಉದ್ಯಮಿ, ಗಾಲ್ಫ್ ಚಾಂಪಿಯನ್ ಎಬೆನ್ ಬೈಯರ್ಸ್ ತೋಳಿನ ಪೆಟ್ಟಿಗೆಂದು ವೈದ್ಯರ ಸಲಹೆಯ ಮೇರೆಗೆ ಇದನ್ನು ಶುರು ಮಾಡಿ ಸುಮಾರು 1,400 ಬಾಟಲಿ ಕುಡಿದರು. ಮೊದಮೊದಲು ಮೈಯಲ್ಲಿ ಹುರುಪು ಬಂತೆಂದು ಗೆಳೆಯರಿಗೂ ಹಂಚಿದರು. ಕೊನೆಗೆ ದವಡೆಯ ಮೂಳೆ ಕರಗಿ, 1932ರ ಮಾರ್ಚ್ 31ರಂದು ತೀರಿಕೊಂಡರು. ಅವರನ್ನು ಹೂಳಿದ್ದು ಸೀಸದ ಪೆಟ್ಟಿಗೆಯಲ್ಲಿ.

‘ಕುಡಿದ ಮೇಲೆ ಹುರುಪು ಬಂತು’ ಎನ್ನುವ ಸಾಕ್ಷ್ಯ ಎಷ್ಟು ಅಗ್ಗವೋ ಅಷ್ಟೇ ಅಪಾಯದ್ದು ಎನ್ನುವುದಕ್ಕೆ ಬೈಯರ್ಸ್ ಸಾವಿಗಿಂತ ದೊಡ್ಡ ನಿದರ್ಶನ ನನಗೆ ಗೊತ್ತಿಲ್ಲ. 1938ರಲ್ಲಿ ಅಮೆರಿಕ ತನ್ನ ಔಷಧ ಕಾನೂನನ್ನು ಹೊಸದಾಗಿ ಬರೆದುಕೊಂಡಾಗ ಇಂತಹ ದುರಂತಗಳು ಅದರ ಹಿಂದಿದ್ದವು.

ನಮ್ಮ ಮನೆಗೆ ಬಂದ ಡಬ್ಬಿ

ಭಾರತದ ಕಥೆಯಲ್ಲಿ ವಿಷವಿಲ್ಲ. ಹಾಲಿದೆ, ಮಾಲ್ಟ್ ಇದೆ, ತಾಯಂದಿರ ಆತಂಕವಿದೆ.

ಇಂಗ್ಲೆಂಡಿನ ಅಣ್ಣತಮ್ಮಂದಿರಾದ ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ 1873ರಲ್ಲಿ ಶಿಕಾಗೋದಲ್ಲಿ ಕಂಪನಿ ಕಟ್ಟಿದ್ದು ಎಳೆಗೂಸುಗಳಿಗೂ ರೋಗಿಗಳಿಗೂ ಸುಲಭವಾಗಿ ಅರಗುವ ಪುಡಿ ತಯಾರಿಸಲು. ಮೊದಲ ಮಹಾಯುದ್ಧದ ನಂತರ ಸೈನಿಕರ ಜೊತೆ ಅದು ಭಾರತಕ್ಕೆ ಬಂತು. ಬೋರ್ನ್‌ವಿಟಾ 1948ರಲ್ಲಿ ಬಂತು. ಬ್ರಿಟನ್ನಿನಲ್ಲಿ ಹಾರ್ಲಿಕ್ಸ್ ರಾತ್ರಿ ಮಲಗುವ ಮುನ್ನ ಕುಡಿಯುವ ಬೆಚ್ಚನೆಯ ಪೇಯ. 1930ರ ದಶಕದ ಅಲ್ಲಿನ ಜಾಹೀರಾತುಗಳು ‘ರಾತ್ರಿಯ ಉಪವಾಸ’ ಎಂಬ ತೊಂದರೆಯೊಂದನ್ನು ಹುಟ್ಟುಹಾಕಿ, ಅದಕ್ಕೆ ಪರಿಹಾರ ಇದು ಎಂದವು. ಭಾರತದಲ್ಲಿ ಅದೇ ಹೆಸರಿನ ಡಬ್ಬಿ ಬೆಳಿಗ್ಗೆ ಶಾಲೆಗೆ ಹೊರಟ ಮಗುವಿನ ಪೇಯವಾಯಿತು. ಅಲ್ಲಿ ನಿದ್ದೆಯ ಭರವಸೆ, ಇಲ್ಲಿ ಎತ್ತರದ ಭರವಸೆ. ಪ್ರತಿ ಊರಿನ ಭಯಕ್ಕೆ ತಕ್ಕಂತೆ ಭರವಸೆ ಬದಲಾಗುತ್ತದೆ.

ಈ ಭಯಕ್ಕೆ ವಿಜ್ಞಾನದ ಬೆಂಬಲವೂ ಒಂದು ಕಾಲದಲ್ಲಿ ಇತ್ತೆನ್ನುವುದನ್ನು ಮರೆಯಬಾರದು. 1950–60ರ ದಶಕಗಳಲ್ಲಿ ಬಡದೇಶಗಳ ಮಕ್ಕಳ ಮುಖ್ಯ ಕೊರತೆ ಪ್ರೋಟೀನ್ ಎಂದು ವಿಶ್ವಸಂಸ್ಥೆಯ ತಜ್ಞರೇ ನಂಬಿದ್ದರು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡಲೆಕಾಯಿ ಪ್ರೋಟೀನನ್ನು ಹಾಲಿಗೆ ಬೆರೆಸಿ ‘ಮಿಲ್‌ಟೋನ್’ ರೂಪಿಸಿದ್ದು ಈ ಚಿಂತನೆಯ ಫಲ. ಆದರೆ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಿ. ಗೋಪಾಲನ್ ಬೇರೆ ಮಾತು ಹೇಳಿದರು: ನಮ್ಮ ಮಕ್ಕಳಿಗೆ ಮೊದಲು ಹೊಟ್ಟೆ ತುಂಬ ಊಟವೇ ಇಲ್ಲ. ಅನ್ನ, ರೊಟ್ಟಿ, ಮುದ್ದೆ, ಬೇಳೆ ಸಾಕಷ್ಟು ಸಿಕ್ಕರೆ ಪ್ರೋಟೀನು ಬಹುಪಾಲು ತಾನಾಗಿ ಹೊಂದಿಕೊಳ್ಳುತ್ತದೆ. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ‘ದಿ ಲ್ಯಾನ್ಸೆಟ್’ನಲ್ಲಿ ಇಡೀ ಪ್ರೋಟೀನ್ ಅಭಿಯಾನವನ್ನೇ ಮಹಾ ಎಡವಟ್ಟು ಎಂದು ಕರೆದರು. ತಜ್ಞರ ವಲಯದಲ್ಲಿ ಮಾತು ತಿರುಗಿತು. ಡಬ್ಬಿಯ ಮೇಲಿನ ಚಿತ್ರ ತಿರುಗಲಿಲ್ಲ.

2008ರಲ್ಲಿ ಹಾರ್ಲಿಕ್ಸ್ ಮತ್ತು ಕಾಂಪ್ಲಾನ್‌ನ ಭಾರತೀಯ ಉಪಖಂಡದ ಜಾಹೀರಾತುಗಳು ಬ್ರಿಟನ್ನಿನ ಟಿ.ವಿ. ವಾಹಿನಿಯಲ್ಲಿ ಬಂದವು. ಮಕ್ಕಳು ಎತ್ತರ ಬೆಳೆಯುತ್ತಾರೆ, ಚುರುಕಾಗುತ್ತಾರೆ ಎಂಬ ಅವೇ ಮಾತು. ಅಲ್ಲಿನ ಜಾಹೀರಾತು ಮಾನದಂಡ ಪ್ರಾಧಿಕಾರ ಸಾಕಷ್ಟು ಪುರಾವೆ ಇಲ್ಲವೆಂದು ಅವನ್ನು ತಡೆಯಿತು. ಅದೇ ಮಾತು ನಮ್ಮಲ್ಲಿ ಮನೆಮನೆಯ ಹಾಡಾಗಿತ್ತು.

ಮುಂದಿನ ಘಟ್ಟ 2023ರ ಏಪ್ರಿಲ್. ಬೋರ್ನ್‌ವಿಟಾದಲ್ಲಿರುವ ಸಕ್ಕರೆಯ ಬಗ್ಗೆ ರೇವಂತ್ ಹಿಮತ್‌ಸಿಂಗ್ಕಾ ಎಂಬ ಯುವಕ ಮಾಡಿದ ಪುಟ್ಟ ವಿಡಿಯೊ ದೇಶವಿಡೀ ಹರಿದಾಡಿತು. ಕಂಪನಿ ಕಾನೂನು ನೋಟಿಸು ಕಳಿಸಿತು, ಅವರು ವಿಡಿಯೊ ತೆಗೆದರು. ಅದೇ ವರ್ಷದ ಕೊನೆಗೆ ಕಂಪನಿ ಸೇರಿಸಿದ ಸಕ್ಕರೆಯನ್ನು 100 ಗ್ರಾಂಗೆ 37.4ರಿಂದ 32.2 ಗ್ರಾಂಗೆ ಇಳಿಸಿತು. ಇದನ್ನು ನಮ್ಮ ಚಮಚದ ಲೆಕ್ಕಕ್ಕೆ ತರೋಣ. ಒಂದು ಲೋಟಕ್ಕೆ 20 ಗ್ರಾಂ ಪುಡಿ ಹಾಕಿದರೆ ಮೊದಲು ಏಳೂವರೆ ಗ್ರಾಂ ಸಕ್ಕರೆ ಇತ್ತು, ಈಗ ಆರೂವರೆಯ ಹತ್ತಿರ. ಎಷ್ಟೋ ಮನೆಗಳಲ್ಲಿ ಅದರ ಮೇಲೆ ಮತ್ತೊಂದು ಚಮಚ ಸಕ್ಕರೆ ಬೀಳುತ್ತದೆ, ದಿನಕ್ಕೆ ಎರಡು ಲೋಟ. ದಿನದ ಶಕ್ತಿಯಲ್ಲಿ ಇಂತಹ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ. ವಯಸ್ಕರಿಗೆ ಆ ಶೇ. 5 ಎಂದರೆ ಸುಮಾರು 25 ಗ್ರಾಂ. ಎರಡು ಲೋಟ ಕುಡಿದ ಮಗು ಅದರ ದೊಡ್ಡ ಪಾಲನ್ನು ಊಟಕ್ಕೆ ಕೂರುವ ಮೊದಲೇ ಮುಗಿಸಿರುತ್ತದೆ.

2024ರ ಏಪ್ರಿಲ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೂ, ಬೆನ್ನಿಗೇ ಕೇಂದ್ರ ವಾಣಿಜ್ಯ ಸಚಿವಾಲಯವೂ ಇಂತಹ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿದವು. ಕಾರಣ ಸರಳ. ನಮ್ಮ ಆಹಾರ ಕಾನೂನಿನಲ್ಲಿ ‘ಹೆಲ್ತ್ ಡ್ರಿಂಕ್’ ಎಂಬ ವ್ಯಾಖ್ಯೆಯೇ ಇಲ್ಲ. ಅದೇ ತಿಂಗಳು ಹಾರ್ಲಿಕ್ಸ್‌ನ ಒಡೆತನ ಹೊಂದಿದ ಕಂಪನಿ ತನ್ನ ವಿಭಾಗದ ಹೆಸರನ್ನು ಬದಲಿಸಿಕೊಂಡಿತು. ಅಷ್ಟು ವರ್ಷ ಯಾವ ಡಬ್ಬಿಯೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ, ಕಪಾಟಿನ ಫಲಕವೇ ಅವುಗಳ ಪರವಾಗಿ ಹೇಳುತ್ತಿತ್ತು.

ನಿಜವಾಗಿ ಜೀವ ಉಳಿಸಿದ ನೀರು

ಪೇಯದಿಂದ ಪವಾಡ ಸಾಧ್ಯವೇ ಇಲ್ಲ ಎನ್ನುವವರಿಗೆ ಬನ್‌ಗಾಂವ್ ಶಿಬಿರದ ಕಥೆ ಹೇಳಬೇಕು.

1971. ಬಾಂಗ್ಲಾದೇಶದ ವಿಮೋಚನಾ ಯುದ್ಧ. ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದ ನಿರಾಶ್ರಿತರ ನಡುವೆ ಕಾಲರಾ. ಬನ್‌ಗಾಂವ್ ಆಸ್ಪತ್ರೆಯ ನೆಲದ ಮೇಲೆ ರೋಗಿಗಳು ಸಾಲಾಗಿ ಮಲಗಿದ್ದರು, ನರಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಮಕ್ಕಳ ವೈದ್ಯ ದಿಲೀಪ್ ಮಹಲನಬೀಸ್ ಗ್ಲೂಕೋಸು, ಅಡುಗೆ ಉಪ್ಪು, ಅಡುಗೆ ಸೋಡಾವನ್ನು ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ನೀರಿಗೆ ಕಲಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಸುಮಾರು ಮೂವತ್ತು ಇದ್ದ ಸಾವು 3.6ಕ್ಕೆ ಇಳಿಯಿತು.

ಇದು ಆಕಸ್ಮಿಕವಲ್ಲ. ಕರುಳಿನ ಗೋಡೆ ಗ್ಲೂಕೋಸಿನ ಜೊತೆ ಸೋಡಿಯಂ ಅನ್ನೂ ಎಳೆದುಕೊಳ್ಳುತ್ತದೆ, ಅದರ ಬೆನ್ನಿಗೆ ನೀರು ಹೋಗುತ್ತದೆ ಎಂಬುದನ್ನು ರಾಬರ್ಟ್ ಕ್ರೇನ್ 1960ರಲ್ಲೇ ತೋರಿಸಿದ್ದರು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಕಾಲರಾ ರೋಗಿಗಳ ಮೇಲೆ ಪ್ರಯೋಗ ನಡೆಸಿ, ಒಳಗೆ ಹೋದದ್ದು ಹೊರಗೆ ಬಂದದ್ದನ್ನು ಅಳೆದಿದ್ದರು. ಹೇಗೆ ಕೆಲಸ ಮಾಡುತ್ತದೆ ಗೊತ್ತಿತ್ತು, ಯಾರಿಗೆ ಎಂದು ಗೊತ್ತಿತ್ತು, ಎಷ್ಟು ಎಂದು ಗೊತ್ತಿತ್ತು, ಕೊಡದಿದ್ದರೆ ಏನಾಗುತ್ತದೆ ಎಂಬ ಹೋಲಿಕೆ ಕಣ್ಣೆದುರಿಗಿತ್ತು. ಇಂದಿನ ಓಆರ್‌ಎಸ್ ಪೊಟ್ಟಣದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸು, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಅಳತೆ ತಪ್ಪಿದರೆ ಗುಣವೂ ತಪ್ಪುತ್ತದೆ. ಸಕ್ಕರೆ ಹೆಚ್ಚಾದರೆ ಅದು ದೇಹದ ನೀರನ್ನೇ ಕರುಳಿಗೆ ಎಳೆದು ಭೇದಿ ಜಾಸ್ತಿ ಮಾಡುತ್ತದೆ.

ಓಆರ್‌ಎಸ್ ಎಂಬ ಆ ಹೆಸರಿಗೇ ಕೈ ಹಾಕಿದ್ದು ಸಂಕಟದ ಸಂಗತಿ. ಸಕ್ಕರೆ ತುಂಬಿದ ಹಣ್ಣಿನ ರುಚಿಯ ಪೇಯಗಳು ‘ಓಆರ್‌ಎಸ್’ ಅಕ್ಷರಗಳನ್ನು ಹೆಸರಿನಲ್ಲಿ ಹೊತ್ತು ಔಷಧಿ ಅಂಗಡಿಗಳಲ್ಲೇ ಮಾರಾಟವಾದವು. ಭೇದಿಯಿಂದ ಬಳಲಿದ ಮಗುವಿಗೆ ತಂದೆತಾಯಿ ಅದನ್ನೇ ಕುಡಿಸಿದರು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಒಮ್ಮೆ ತಡೆದು, ಮತ್ತೆ ಸಡಿಲಿಸಿ, ಕಡೆಗೆ 2025ರ ಅಕ್ಟೋಬರ್ 14ರಂದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಯಾವ ಪೇಯವೂ ಆ ಹೆಸರನ್ನು ಬಳಸಕೂಡದು ಎಂದು ಆದೇಶಿಸಿತು.

ಕೊರತೆ ತುಂಬುತ್ತದೆ ಎನ್ನುವವರು

ಈ ಚರ್ಚೆಯಲ್ಲಿ ಪೇಯಗಳ ಪರವಾಗಿ ನಿಲ್ಲುವವರೆಲ್ಲ ಮೋಸಗಾರರಲ್ಲ. ಕಬ್ಬಿಣ, ಅಯೋಡಿನ್, ವಿಟಮಿನ್‌ಗಳ ಕೊರತೆ ನಮ್ಮ ಮಕ್ಕಳಲ್ಲಿ ನಿಜವಾಗಿಯೂ ಇದೆ; ದಿನವೂ ಕುಡಿಯುವ ಪೇಯಕ್ಕೆ ಅವನ್ನು ಸೇರಿಸಿದರೆ ಲಾಭವಿದೆ ಎನ್ನುವುದು ಪೋಷಣಾ ತಜ್ಞರಲ್ಲೇ ಹಲವರ ನಿಲುವು. ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಹೈದರಾಬಾದಿನ ಬಳಿಯ ವಸತಿ ಶಾಲೆಯೊಂದರ ಮಕ್ಕಳಿಗೆ 14 ತಿಂಗಳು ಸೂಕ್ಷ್ಮ ಪೋಷಕಾಂಶ ಬೆರೆಸಿದ ಪೇಯ ಕೊಟ್ಟು, ಅವು ಇಲ್ಲದ ಪೇಯ ಕುಡಿದವರೊಂದಿಗೆ ಹೋಲಿಸಿದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬೆಳವಣಿಗೆಯಲ್ಲಿ ವ್ಯತ್ಯಾಸ ಕಂಡಿತ್ತು.

ಇದನ್ನು ತಳ್ಳಿಹಾಕಬಾರದು, ಹಿಗ್ಗಿಸಲೂಬಾರದು. ಕೊರತೆ ಇದ್ದವರಿಗೆ ಕೊಟ್ಟಾಗ ಬಂದ ಫಲ ಕೊರತೆ ಇಲ್ಲದವರಿಗೆ ಬರಬೇಕಿಲ್ಲ. ಫಲ ಕೊಟ್ಟದ್ದು ಪೋಷಕಾಂಶ, ಬ್ರ್ಯಾಂಡ್ ಅಲ್ಲ. ರಾಗಿಯನ್ನೇ ನೋಡಿ: 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಕರ್ನಾಟಕ 2013ರಲ್ಲಿ ಶಾಲಾ ಮಕ್ಕಳಿಗಾಗಿ ಶುರು ಮಾಡಿದ ಕ್ಷೀರಭಾಗ್ಯ ಯೋಜನೆಯ ಹಾಲಿಗೆ 2024ರಿಂದ ರಾಗಿ ಮಾಲ್ಟ್ ಕೂಡಿಸಿತು. ಅದರ ಬೆನ್ನಿಗೆ ಇರುವುದು ಇದೇ ವಾದ, ಎತ್ತರದ ಹಾಡಿಲ್ಲದೆ. ಆದರೆ ಅಲ್ಲಿಯೂ ಒಂದೆರಡು ಚಮಚ ಹಿಟ್ಟು ಮುದ್ದೆಯಷ್ಟು ಕ್ಯಾಲ್ಸಿಯಂ ಕೊಡುವುದಿಲ್ಲ ಎನ್ನುವುದು ನೆನಪಿರಬೇಕು. 10 ಗ್ರಾಂ ಹಿಟ್ಟಿಗೆ ಸಿಗುವುದು 36 ಮಿ.ಗ್ರಾಂ.

ಅಜ್ಜಿಯ ಕಷಾಯ, ಕಾರ್ಖಾನೆಯ ಜ್ಯೂಸು

ಇನ್ನೊಂದು ವಾದ ಪರಂಪರೆಯದು. ತಲೆಮಾರುಗಳಿಂದ ಕುಡಿದು ಬಂದದ್ದಕ್ಕೆ ಪ್ರಯೋಗಶಾಲೆಯ ಮುದ್ರೆ ಏಕೆ ಬೇಕು ಎಂದು ಇವರು ಕೇಳುತ್ತಾರೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಕಷಾಯ ಕುಡಿದು ಬೆಳೆದ ನನಗೆ ಈ ಪ್ರಶ್ನೆ ಪರಕೀಯವಲ್ಲ.

ಆದರೆ ಪರಂಪರೆ ಹೇಗೆ ಕುಡಿಯುತ್ತಿತ್ತು ಎಂದು ಹತ್ತಿರದಿಂದ ನೋಡಬೇಕು. ತುಳುನಾಡಿನ ಆಟಿ ಅಮಾವಾಸ್ಯೆಯ ಹಾಲೆಮರದ ಕಷಾಯ, ‘ಪಾಲೆದ ಕಷಾಯ’, ನಿದರ್ಶನ. ಬೆಳಕು ಹರಿಯುವ ಮುನ್ನ ಮರದ ಬಳಿ ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ತೊಗಟೆ ಜಜ್ಜಿ ತರುತ್ತಾರೆ. ರಸ ತೆಗೆದು, ಬೆಳ್ಳುಳ್ಳಿ, ಕಾಳುಮೆಣಸು, ಓಮ ಅರೆದು ಹಾಕಿ, ಕೆಂಡದಲ್ಲಿ ಕಾಯಿಸಿದ ಬಿಳಿ ಬೆಣಚುಕಲ್ಲನ್ನು ಚುಂಯ್ ಎನ್ನುವಂತೆ ಅದರಲ್ಲಿ ಅದ್ದುತ್ತಾರೆ. ನಾಲಿಗೆ ಮರಗಟ್ಟುವ ಕಹಿ. ಅದನ್ನು ಕುಡಿದ ಮೇಲೆ ದೇಹಕ್ಕೆ ತಂಪಾಗಲೆಂದು ಮೆಂತೆ ಗಂಜಿ. ವರ್ಷಕ್ಕೆ ಒಂದು ದಿನ, ಒಂದು ಪುಟ್ಟ ಲೋಟ. ಮರದ ಗುರುತು ಬಲ್ಲವರೇ ತರಬೇಕೆಂಬ ಕಟ್ಟಳೆ ಬೇರೆ, ಏಕೆಂದರೆ ತಪ್ಪಿ ಕಾಸರಕನ ತೊಗಟೆ ತಂದರೆ ಪ್ರಾಣಕ್ಕೇ ಕುತ್ತು. ಕಷಾಯದ ರೋಗನಿರೋಧಕ ಗುಣ ಎಷ್ಟೆಂಬುದು ಬೇರೆ ಮಾತು. ಆದರೆ ಅಳತೆ, ಕಾಲ, ಗುರುತು, ಪಥ್ಯ ನಾಲ್ಕೂ ಅದರ ಜೊತೆ ಇದ್ದವು. ಆಯುರ್ವೇದವೂ ವ್ಯಕ್ತಿಯ ಪ್ರಕೃತಿ, ಋತು, ಅಗ್ನಿ ನೋಡಿಯೇ ಮದ್ದು ಹೇಳುವ ಶಾಸ್ತ್ರ. ವರ್ಷವಿಡೀ, ಎಲ್ಲರೂ, ಎಲ್ಲ ಕಾಯಿಲೆಗೂ ಕುಡಿಯಿರಿ ಎನ್ನುವ ಬಾಟಲಿ ಆ ಶಾಸ್ತ್ರದ ಹೆಸರು ಹೇಳಿಕೊಂಡು ಅದರ ಮೂಲ ನಿಯಮವನ್ನೇ ಮುರಿಯುತ್ತದೆ.

ಮುರಿದಾಗ ಏನಾಗುತ್ತದೆ ಎನ್ನುವುದಕ್ಕೆ ದಾಖಲೆಗಳಿವೆ. ಕೇರಳದಲ್ಲಿ ಕೊಲೆಸ್ಟರಾಲ್ ಇಳಿಸಲೆಂದು ಬಿಂಬುಳಿ ಹಣ್ಣಿನ ಗಟ್ಟಿ ರಸ ಕುಡಿದ ಹತ್ತು ಮಂದಿಯ ಮೂತ್ರಪಿಂಡ ಕೆಟ್ಟ ಪ್ರಕರಣಗಳು 2013ರಲ್ಲಿ ಪ್ರಕಟವಾದವು. ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಸಾರಿಗೆ ಎರಡು ಬಿಂಬುಳಿ ಹಾಕುವುದಕ್ಕೂ ಲೋಟಗಟ್ಟಲೆ ಹಿಂಡಿ ಕುಡಿಯುವುದಕ್ಕೂ ನಡುವೆ ಆಕ್ಸಲೇಟಿನ ದೊಡ್ಡ ಅಂತರವಿದೆ. ಸೋರೆಕಾಯಿ ರಸ ಕುಡಿದು ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಸತ್ತ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತಜ್ಞರ ಸಮಿತಿ ಮಾಡಿತು. ಸಮಿತಿ ಹೇಳಿದ್ದು ಅಡುಗೆಮನೆಗೆ ಸಲ್ಲುವ ಮಾತು: ಹಿಂಡುವ ಮುನ್ನ ಒಂದು ಚೂರು ಬಾಯಿಗೆ ಹಾಕಿಕೊಳ್ಳಿ, ಕಹಿ ಇದ್ದರೆ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಿ ಕಹಿಯನ್ನು ಮುಚ್ಚಬೇಡಿ. ಸಾರು, ಪಲ್ಯ ಮಾಡುವವರಿಗೆ ಈ ಎಚ್ಚರ ಮೊದಲಿನಿಂದ ಇತ್ತು. ಮಿಕ್ಸಿಯ ಮುಂದೆ ನಿಂತಾಗ ಅದು ಕಳೆದುಹೋಯಿತು.

ಅಳೆದು ನೋಡುವವರು

ಮೂರನೆಯವರದು ಒಂದೇ ಹಟ: ಅಳೆಯಿರಿ. ಶೀತ ಮದ್ದು ತೆಗೆದುಕೊಂಡರೆ ಏಳು ದಿನದಲ್ಲಿ, ಇಲ್ಲದಿದ್ದರೆ ಒಂದು ವಾರದಲ್ಲಿ ಹೋಗುತ್ತದೆ ಎಂಬ ಮಾತು ನಮ್ಮಲ್ಲಿದೆ. ಬಹಳಷ್ಟು ನೋವು, ಸುಸ್ತು, ಅಜೀರ್ಣ ತಾವಾಗಿ ಏರಿಳಿಯುತ್ತವೆ. ತೀರಾ ಕೆಟ್ಟಾಗ ನಾವು ಬಾಟಲಿ ಕೊಳ್ಳುತ್ತೇವೆ, ಆಮೇಲೆ ಇಳಿಯುವುದು ಸಹಜ, ಹೆಸರು ಬಾಟಲಿಗೆ. ಅದಕ್ಕೇ ಅರ್ಧ ಜನರಿಗೆ ನಿಜವಾದದ್ದು, ಅರ್ಧ ಜನರಿಗೆ ನೋಡಲು ಅಂತಹುದೇ ಇನ್ನೊಂದನ್ನು, ಯಾರಿಗೆ ಯಾವುದೆಂದು ತಿಳಿಯದಂತೆ ಕೊಟ್ಟು ಹೋಲಿಸಬೇಕು.

ಹಾಗೆ ಅಳೆದಾಗ ಕೆಲವು ಪೇಯಗಳು ಗೆಲ್ಲುತ್ತವೆ ಕೂಡ. ಲಂಡನ್ನಿನಲ್ಲಿ 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 250 ಎಂಎಲ್ ಬೀಟ್‌ರೂಟ್ ರಸ ನಾಲ್ಕು ವಾರ ಕುಡಿದ ರಕ್ತದೊತ್ತಡದ ರೋಗಿಗಳಲ್ಲಿ ಮೇಲಿನ ಅಂಕೆ ಸರಾಸರಿ 8ರಷ್ಟು ಇಳಿಯಿತು. ಅದರಲ್ಲಿರುವ ನೈಟ್ರೇಟು ರಕ್ತನಾಳವನ್ನು ಸಡಿಲಗೊಳಿಸುವುದು ಕಾರಣ. ಪವಾಡವಲ್ಲ, ಪುಟ್ಟ ಉಪಯೋಗ. ಕ್ಷಾರೀಯ ನೀರಿಗೆ ಅಂತಹ ಆಧಾರವಿಲ್ಲ. ಹೊಟ್ಟೆಯ ಆಮ್ಲ ಅದನ್ನು ಕ್ಷಣದಲ್ಲಿ ತಟಸ್ಥಗೊಳಿಸುತ್ತದೆ, ರಕ್ತದ ಪಿಎಚ್ ಅನ್ನು 7.35–7.45ರ ನಡುವೆ ಹಿಡಿದಿಡುವುದು ಶ್ವಾಸಕೋಶ ಮತ್ತು ಮೂತ್ರಪಿಂಡ. ‘ಡಿಟಾಕ್ಸ್’ ಪೇಯಗಳ ಬಗ್ಗೆ 2015ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಜಾಲಾಡಿದ ಸಂಶೋಧಕರಿಗೆ ವಾಣಿಜ್ಯ ಡಿಟಾಕ್ಸ್ ಆಹಾರಕ್ರಮಗಳ ಮೇಲೆ ಒಂದೇ ಒಂದು ಸರಿಯಾದ ಹೋಲಿಕೆಯ ಪ್ರಯೋಗವೂ ಸಿಗಲಿಲ್ಲ.

ಅಧ್ಯಯನ ಇದೆ ಎಂದ ಮಾತ್ರಕ್ಕೆ ಒಪ್ಪಬೇಕೇ? ಕೊಂಬುಚ ಎಂಬ ಹುದುಗಿಸಿದ ಚಹಾ ಕುಡಿದರೆ ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದೆಂದು 2023ರಲ್ಲಿ ಸುದ್ದಿಯಾಯಿತು. ಆ ಅಧ್ಯಯನದಲ್ಲಿ ಇದ್ದವರು 12 ಜನ. ಅಮೆರಿಕದ ಪಾಮ್ ವಂಡರ್‌ಫುಲ್ ಎಂಬ ದಾಳಿಂಬೆ ರಸದ ಕಂಪನಿ ಸಂಶೋಧನೆಗೆ ಕೋಟಿಗಟ್ಟಲೆ ಡಾಲರ್ ಸುರಿದು, ಹೃದ್ರೋಗ, ಪ್ರಾಸ್ಟೇಟ್ ಕ್ಯಾನ್ಸರಿಗೆ ಒಳ್ಳೆಯದು ಎಂದು ಸಾರಿತು. ಫಲ ಕಾಣದ ಅಧ್ಯಯನಗಳನ್ನು ಅದು ಮರೆಗೆ ಸರಿಸಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ 36 ಜಾಹೀರಾತುಗಳನ್ನು ದಾರಿ ತಪ್ಪಿಸುವಂಥವು ಎಂದಿತು, 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಬಹುಮಟ್ಟಿಗೆ ಅದನ್ನು ಎತ್ತಿಹಿಡಿಯಿತು.

ನಂಬುವವರನ್ನು ಅರಿಯುವ ದಾರಿ

ಜನ ಏಕೆ ನಂಬುತ್ತಾರೆ ಎನ್ನುವುದಕ್ಕೆ ಅಜ್ಞಾನ ಎಂಬ ಉತ್ತರ ನನಗೆ ಒಪ್ಪಿಗೆಯಿಲ್ಲ. ನಮ್ಮ ಅತ್ತೆ ನಿವೃತ್ತ ಶಿಕ್ಷಕಿ. ಮಾತ್ರೆ ಜೀವನಪೂರ್ತಿ ಎಂದ ಡಾಕ್ಟರು ಅವರ ಜೊತೆ ಮಾತಾಡಿದ್ದು ನಾಲ್ಕು ನಿಮಿಷ. ಬಾಟಲಿ ತಂದ ಗೆಳತಿ ಒಂದು ಮಧ್ಯಾಹ್ನ ಪೂರ್ತಿ ಕೂತು, ಕಾಲುರಿಯ ಬಗ್ಗೆ, ನಿದ್ದೆಯ ಬಗ್ಗೆ, ಮೊಮ್ಮಗನ ಬಗ್ಗೆ ಕೇಳಿದ್ದರು. ಆ ಗೆಳತಿಯೂ ಮೋಸ ಮಾಡಲು ಬಂದವರಲ್ಲ. ತಾನೂ ದುಡ್ಡು ಕೊಟ್ಟು ಕೊಂಡು, ತಾನೂ ಕುಡಿದು, ತನ್ನ ಕೆಳಗೆ ನಾಲ್ಕು ಜನರನ್ನು ಸೇರಿಸಿದರೆ ಮನೆಗೆ ಒಂದಿಷ್ಟು ಆದಾಯ ಎಂದು ನಂಬಿದವರು. ಸರಪಳಿ ವ್ಯಾಪಾರದ ಬಲವಿರುವುದು ಇಲ್ಲೇ: ಗಿರಾಕಿಯೇ ಮಾರುವವ, ಮಾರುವವನೇ ಸಾಕ್ಷಿ. ಸಂದೇಹ ಪಟ್ಟರೆ ಸ್ನೇಹಕ್ಕೆ ಪೆಟ್ಟು.

ಕಾನೂನಿನ ಕೈ ಎಷ್ಟು ಉದ್ದ

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಮಧುಮೇಹ, ಕ್ಯಾನ್ಸರ್, ಬೊಜ್ಜು ಸೇರಿ 54 ತೊಂದರೆಗಳನ್ನು ಪಟ್ಟಿ ಮಾಡಿ, ಅವನ್ನು ವಾಸಿ ಮಾಡುತ್ತೇವೆಂಬ ಜಾಹೀರಾತನ್ನು ನಿಷೇಧಿಸಿದೆ. ದೇಹದ ಎತ್ತರವೂ ಆ ಪಟ್ಟಿಯಲ್ಲಿದೆ. ಆದರೆ ದೇಹದ ರಚನೆ ಅಥವಾ ಕ್ರಿಯೆಯ ಮೇಲೆ ಪರಿಣಾಮ ಬೀರುವ ವಸ್ತುಗಳನ್ನು ಔಷಧವೆಂದು ಕರೆಯುವ ಕಲಮಿನಲ್ಲಿ ‘ಆಹಾರ ಹೊರತುಪಡಿಸಿ’ ಎಂಬ ಮಾತಿದೆ. ಆ ಸಂದಿಯಲ್ಲಿ ಪೇಯಗಳು ನುಸುಳಿದವು. 2006ರ ಆಹಾರ ಸುರಕ್ಷತಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹೇಳಿ, ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವ ತಾರೆಯರನ್ನೂ ಹೊಣೆ ಮಾಡಿತು. ಭಾರತೀಯ ವೈದ್ಯಕೀಯ ಸಂಘದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಗರಂ ಆದಾಗ ಪತಂಜಲಿ ಸಂಸ್ಥೆ ತನ್ನ ಜಾಹೀರಾತುಗಳಿಗಾಗಿ 2024ರ ಏಪ್ರಿಲ್‌ನಲ್ಲಿ ಪತ್ರಿಕೆಗಳಲ್ಲಿ ಕ್ಷಮೆ ಪ್ರಕಟಿಸಿತು. ಇವೆಲ್ಲ ಅಚ್ಚಾದ ಮಾತಿಗೆ. ಕಲ್ಯಾಣ ಮಂಟಪದ ಮೈಕಿಗೆ, ವಾಟ್ಸಾಪ್ ಧ್ವನಿ ಸಂದೇಶಕ್ಕೆ ಈ ಕೈ ಎಟುಕುವುದು ಅಪರೂಪ.

ಇನ್ನೂ ಇತ್ಯರ್ಥವಾಗದ್ದು

ಎಲ್ಲಕ್ಕಿಂತ ಬಿಸಿಯಾಗಿರುವುದು ಅಮೃತಬಳ್ಳಿಯ ವಿವಾದ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಇದರ ಕಷಾಯ ಕುದಿಯಿತು. 2021ರಲ್ಲಿ ಮುಂಬೈನ ವೈದ್ಯರು ಆರು ಮಂದಿಯ ಯಕೃತ್ತಿಗೆ ಹಾನಿಯಾದದ್ದನ್ನು ವರದಿ ಮಾಡಿದರು, ಮರುವರ್ಷ 13 ಆಸ್ಪತ್ರೆಗಳ 43 ರೋಗಿಗಳ ವರದಿ ಬಂತು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದು ಎಂದಿತು. ಎಷ್ಟು ಜನ ಕುಡಿದರು ಎಂಬ ಲೆಕ್ಕವಿಲ್ಲದೆ ಅಪಾಯ ಎಷ್ಟು ಅಪರೂಪ ಎಂದು ಹೇಳಲಾಗದು. ನನಗೆ ವೈದ್ಯರ ಎಚ್ಚರಿಕೆ ಹೆಚ್ಚು ತೂಕದ್ದೆನಿಸುತ್ತದೆ, ಮೊದಲೇ ಯಕೃತ್ತಿನ ಅಥವಾ ಆಟೋಇಮ್ಯೂನ್ ತೊಂದರೆ ಇರುವವರ ಮಟ್ಟಿಗಂತೂ. ಆದರೂ ಪ್ರಶ್ನೆ ಮುಚ್ಚಿಲ್ಲ.

ಪೊಟ್ಟಣದ ಮುಂಭಾಗದ ಚೀಟಿಯೂ ತೀರ್ಮಾನವಾಗಿಲ್ಲ. 2022ರಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ನಕ್ಷತ್ರಗಳ ಅಂಕ ಕೊಡುವ ಕರಡು ತಂದಿತು. ಚಿಲಿ ದೇಶದಲ್ಲಿ 2016ರಿಂದ ಇರುವಂತೆ ‘ಸಕ್ಕರೆ ಹೆಚ್ಚು’ ಎಂಬ ಕಪ್ಪು ಎಚ್ಚರಿಕೆಯೇ ಬೇಕೆಂದು ಸಾರ್ವಜನಿಕ ಆರೋಗ್ಯದವರು ಪಟ್ಟು ಹಿಡಿದರು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಸಕ್ಕರೆಯ ಬದಲು ಕೃತಕ ಸಿಹಿ ಹಾಕಿದ ಪೇಯ ಮಕ್ಕಳಿಗೆ ಎಷ್ಟು ಸರಿ? ತೂಕ ಇಳಿಸಲು ಅವನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ, ದೀರ್ಘಕಾಲದ ಪರಿಣಾಮದ ಬಗ್ಗೆ ವಾದ ನಡೆದೇ ಇದೆ. ಶಾಸ್ತ್ರಗ್ರಂಥದಲ್ಲಿರುವ ಯೋಗಕ್ಕೆ ಹೊಸದಾಗಿ ಪ್ರಯೋಗದ ಪುರಾವೆ ಕೇಳಬೇಕೇ ಎಂಬುದರಲ್ಲಿ ಆಧುನಿಕ ವೈದ್ಯರೂ ಆಯುರ್ವೇದದವರೂ ಇನ್ನೂ ಒಂದಾಗಿಲ್ಲ.

ಇವು ತೀರ್ಮಾನವಾಗುವವರೆಗೆ ನಿಮ್ಮ ಮನೆಯ ಬಾಟಲಿ ಕಾಯುವುದಿಲ್ಲ. ಆದ್ದರಿಂದ ಒಂದು ಬೇಡಿಕೆ. ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್, ಹೃದಯದ ಮಾತ್ರೆಯನ್ನು ಯಾವ ಜ್ಯೂಸಿನ ಮಾತು ಕೇಳಿಯೂ ನಿಲ್ಲಿಸಬೇಡಿ. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ನೀವು ಕುಡಿಯುತ್ತಿರುವ ಬಾಟಲಿ, ಡಬ್ಬಿ, ಪುಡಿ ಏನಿದ್ದರೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಅವರು ಕೇಳದಿದ್ದರೂ ಮೇಜಿನ ಮೇಲೆ ಇಡಿ.